ಸಾಕ್ಷಿ ಹೇಳಬೇಕಾದ ನಾನೇ ಮತ್ತೆ ಕುಡಿಯುತ್ತಿದ್ದೇನೆ

*ನಾನು ಕಾರವಾರ ತಾಲೂಕಿನವನು, ವಯಸ್ಸು 41. ಗೋವಾದ ಕಾಣಕೋಣ ಕಡೆ ವೈರಿಂಗ್ ಕೆಲಸ. ದಿನಾ ಬೈಕಿನಲ್ಲಿ ಗಡಿಯ ಮಾಜಾಳಿ ದಾಟಿ ಹೋಗಿ ಬರುತ್ತೇನೆ. ನಾವು ಕ್ಯಾಥೊಲಿಕರು. 16 ವರ್ಷ ಕುಡಿದವನು, ಕೇರಳದ ಒಂದು ಧ್ಯಾನಕೇಂದ್ರಕ್ಕೆ ಹೋಗಿ ಬಂದ ಮೇಲೆ ಬಿಟ್ಟೆ. ಕಳೆದ ವರ್ಷ ನಮ್ಮ ಚರ್ಚಿನ ಧ್ಯಾನಕೂಟದಲ್ಲಿ ಸಾಕ್ಷಿ ಹೇಳಿದೆ, ಅಂದರೆ ಕುಡಿತ ಬಿಟ್ಟ ಕಥೆಯನ್ನು ಎಲ್ಲರೆದುರು ಹೇಳಿದೆ. ತುಂಬಾ ಜನ ಅತ್ತರು. ನನ್ನ ಮಾತು ಕೇಳಿ ಒಬ್ಬ ಹುಡುಗ ಕುಡಿತ ಬಿಟ್ಟ. ಅವನು ಈಗಲೂ ವಾರಕ್ಕೊಮ್ಮೆ ಫೋನು ಮಾಡಿ ನನ್ನಿಂದ ಪ್ರಾರ್ಥನೆ ಮಾಡಿಸಿಕೊಳ್ಳುತ್ತಾನೆ. ಆದರೆ ಮಳೆಗಾಲದಲ್ಲಿ ನಾನು ಮತ್ತೆ ಶುರು ಮಾಡಿದೆ. ಈಗ ದಿನಾ ಬೇಕು. ಬೆಳಿಗ್ಗೆ ಕೈ ನಡುಗುತ್ತದೆ. ಹೆಂಡತಿಗೆ ಗೊತ್ತು. ಮಗನಿಗೆ 14 ವರ್ಷ, ಪೂಜೆಯಲ್ಲಿ ಫಾದರಿಗೆ ನೆರವಾಗುವ ಆಲ್ಟರ್ ಬಾಯ್. ಅವನಿಗೆ ಗೊತ್ತಿಲ್ಲ ಅಂದುಕೊಂಡಿದ್ದೇನೆ. ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದ ಧ್ಯಾನಕೂಟದಲ್ಲಿ ಮತ್ತೆ ಸಾಕ್ಷಿ ಹೇಳು ಎಂದು ಫಾದರ್ ಕೇಳಿದ್ದಾರೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಒಮ್ಮೆಲೇ ನಿಲ್ಲಿಸಿದರೆ ಆ ದಿನದ ಹೊತ್ತಿಗೆ ನನ್ನ ಮಾತು ಸುಳ್ಳಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೇನೆ. ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ಹೋಗದೆ ತಿಂಗಳುಗಳಾದವು. ಆದರೂ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುತ್ತೇನೆ. ಎದ್ದು ಹೋಗದಿದ್ದರೆ ಪಕ್ಕದವರು ನೋಡುತ್ತಾರಲ್ಲ. ನಾನು ದೇವರಿಗೂ ಮೋಸ ಮಾಡುತ್ತಿದ್ದೇನೆಯೇ? ನನ್ನ ವಿಶ್ವಾಸವೇ ಸುಳ್ಳೇ?*

*– ಹೆಸರು ಬೇಡ, ಕಾರವಾರ*

ಪ್ರಿಯ ಸಹೋದರರೇ,

ದೇವರ ಬಗ್ಗೆ ತುಂಬಾ ಬರೆದಿದ್ದೀರಿ. ಕೈ ನಡುಗುವ ಬಗ್ಗೆ ಮೂರೇ ಪದ. ನಾನು ಆ ಮೂರು ಪದದಿಂದಲೇ ಶುರು ಮಾಡುತ್ತೇನೆ. ದೇವರ ವಿಷಯಕ್ಕೆ ಆಮೇಲೆ ಬರೋಣ, ಅವನು ಕಾಯುತ್ತಾನೆ.

ಬೆಳಿಗ್ಗೆ ಕೈ ನಡುಗುತ್ತದೆ, ಒಂದಿಷ್ಟು ಹಾಕಿದ ಮೇಲೆ ನಿಲ್ಲುತ್ತದೆ ಅಂದರೆ ನಿಮ್ಮ ಮೈ ಕುಡಿತಕ್ಕೆ ಒಗ್ಗಿಹೋಗಿದೆ. ಅಂಥವರು ಔಷಧವಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಬೆವರು, ಎದೆ ಡವಡವ, ವಾಂತಿ, ನಿದ್ದೆಗೇಡು. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು-ಮೂರನೇ ದಿನದ ಹೊತ್ತಿಗೆ ಇಲ್ಲದ ಹುಳಹುಪ್ಪಟೆ ಕಾಣುವುದು, ಯಾರೋ ಕರೆದ ಹಾಗೆ ಕೇಳುವುದು, ತಾನು ಎಲ್ಲಿದ್ದೇನೆ ಎಂಬುದೇ ತಿಳಿಯದಿರುವುದು ಶುರುವಾಗುತ್ತದೆ. ಇದಕ್ಕೆ ಆಸ್ಪತ್ರೆಯೇ ಬೇಕು, ಇಲ್ಲದಿದ್ದರೆ ಜೀವ ಹೋದರೂ ಹೋಯಿತು. ನೀವು ಏಣಿ ಹತ್ತಿ ಕರೆಂಟಿನ ಕೆಲಸ ಮಾಡುವವರು ಬೇರೆ. ಬೂದಿ ಬುಧವಾರ ಉಪವಾಸ ಮಾಡಿಕೊಂಡು, ಖಾಲಿ ಹೊಟ್ಟೆಯಲ್ಲಿ, ಯಾರಿಗೂ ಹೇಳದೆ ನಿಲ್ಲಿಸುತ್ತೇನೆ ಅನ್ನುತ್ತೀರಲ್ಲ, ಆ ಲೆಕ್ಕ ಇವತ್ತೇ ಕೈಬಿಡಿ ಮಾರಾಯರೇ. ಆ ದಿನದ ಉಪವಾಸ 18ರಿಂದ 59 ವರ್ಷದ ಆರೋಗ್ಯವಂತರಿಗೆ. ನೀವು ಈಗ ರೋಗಿ.

ಕಾರವಾರದ ಕ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಈ ವಾರವೇ ಹೋಗಿ. ಅಲ್ಲಿಯವರೆಗೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಮೈ ಹದಕ್ಕೆ ಬರುವವರೆಗೆ ಕೆಲವು ದಿನ ಔಷಧ ಕೊಟ್ಟು, ಅದನ್ನು ದಿನದಿನಕ್ಕೆ ಇಳಿಸುತ್ತಾರೆ. ಜತೆಗೆ ಬಿ1 ವಿಟಮಿನ್ ಕೊಡುತ್ತಾರೆ. ಬೇಕಾದರೆ ದಾಖಲು ಮಾಡಿಕೊಳ್ಳುತ್ತಾರೆ. ಚಪಲ ಕಡಿಮೆ ಮಾಡುವ ಮಾತ್ರೆಗಳೂ ಇವೆ, ಅದು ಆಮೇಲಿನ ಮಾತು. ಡಾಕ್ಟರು ದಿನಕ್ಕೆ ಎಷ್ಟು ಎಂದು ಕೇಳಿದರೆ ಪೂರ್ತಿ ಲೆಕ್ಕ ಕೊಡಿ. ಮೂರು ಕ್ವಾರ್ಟರ್ ಕುಡಿಯುವವರು ಒಂದು ಅನ್ನುವುದು, ಒಂದು ಕುಡಿಯುವವರು ಹಬ್ಬಕ್ಕೆ ಮಾತ್ರ ಅನ್ನುವುದು ನಾನು ಕಂಡದ್ದೇ. ಔಷಧದ ಪ್ರಮಾಣ ನಿಂತಿರುವುದು ಆ ಲೆಕ್ಕದ ಮೇಲೆ. ನಿಜ ಹೇಳಬೇಕು ಅನ್ನುವ ಆಸೆ ನಿಮಗೆ ಅಷ್ಟೊಂದು ಇದ್ದರೆ ಅದನ್ನು ಮೊದಲು ತೋರಿಸಬೇಕಾದ ಜಾಗ ಆ ಡಾಕ್ಟರ ಮೇಜು.

ಇನ್ನು ಧ್ಯಾನಕೂಟದ ವಿಷಯ. ಈ ಸಲ ಸಾಕ್ಷಿ ಹೇಳಬೇಡಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ನಿಮ್ಮ ಲೆಕ್ಕ ಚೆನ್ನಾಗಿಯೇ ಇದೆ, ಅದೇ ನನಗೆ ಕಷ್ಟ. ಬುಧವಾರದಿಂದ ಆ ದಿನದವರೆಗೆ ಮುಟ್ಟದಿದ್ದರೆ "ನಾನು ಕುಡಿಯುತ್ತಿಲ್ಲ" ಎಂದು ಮೈಕಿನಲ್ಲಿ ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಕೇಳುವವರು ಏನೆಂದು ತಿಳಿಯುತ್ತಾರೆ? ಹೋದ ವರ್ಷ ಬಿಟ್ಟವನು ಇಂದಿಗೂ ಬಿಟ್ಟೇ ಇದ್ದಾನೆ ಎಂದು. ಅವರು ಹಾಗೆ ತಿಳಿಯಲಿ ಅಂತಲೇ ಅಲ್ವಾ ನೀವು ದಿನ ಎಣಿಸುತ್ತಿರುವುದು? ನೀವೇ ಅದನ್ನು ಮೋಸ ಎಂದು ಕರೆದಿದ್ದೀರಿ. ನಿಮ್ಮ ಮನಸ್ಸಾಕ್ಷಿ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಹಾಗಾದರೆ ವೇದಿಕೆ ಹತ್ತಿ ಮತ್ತೆ ಬಿದ್ದೆ ಎಂದು ಎಲ್ಲರೆದುರು ಹೇಳಿಬಿಡಲೇ? ಅದೂ ಬೇಡ. ನಿಮಗೆ ಆ ಯೋಚನೆಯೂ ಬಂದಿರಬಹುದು. ಕೇಳಲು ಅದು ದೊಡ್ಡ ಧೈರ್ಯದ ಹಾಗೆ ಇರುತ್ತದೆ. ಜನ ಮತ್ತೆ ಅಳುತ್ತಾರೆ, ಮತ್ತೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾರೆ, ಮನಸ್ಸು ಹಗುರ ಆಗುತ್ತದೆ. ಸೋಮವಾರ ಬೆಳಿಗ್ಗೆ ಬೈಕು ಗಡಿಯಾಚೆ ಬಾರುಗಳಿರುವ ಅದೇ ಪೋಳೆಂ ದಾರಿಯಲ್ಲಿರುತ್ತದೆ. ಇತ್ತ ನಿಮ್ಮ ಮಗನ ವಿಷಯ ಇಡೀ ಊರಿನ ಬಾಯಲ್ಲಿ. ಒಬ್ಬರಿಗೊಬ್ಬರು ಪಾಪ ಹೇಳಿಕೊಂಡು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಎಂದು ಯಾಕೋಬನ ಪತ್ರದಲ್ಲಿದೆ ನಿಜ. ಆ ಮಾತನ್ನು ಹೇಳಿದ್ದು ಒಬ್ಬರನ್ನೊಬ್ಬರು ಬಲ್ಲ ಸಣ್ಣ ಸಭೆಗಳಿಗೆ. ನಾಲ್ಕು ಊರಿನವರು ಬಂದು ಸೇರುವ ಪೆಂಡಾಲಿಗೆ ಅಲ್ಲ.

ಫಾದರಿಗೆ ಏನು ಹೇಳುವುದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಹೀಗೆ ಹೇಳಿ: "ಫಾದರ್, ಈ ಸಲ ನಾನು ಸಾಕ್ಷಿ ಹೇಳಲ್ಲ. ಮತ್ತೆ ಕುಡೀತಾ ಇದ್ದೀನಿ. ಆಸ್ಪತ್ರೆಗೆ ಹೋಗ್ತಾ ಇದ್ದೀನಿ." ಅಷ್ಟು ಸಾಕು. ಅವರು ಒಳ್ಳೆಯವರಾದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಅಲ್ಲದಿದ್ದರೂ ನಿಮ್ಮ ಮಾತು ಮುಗಿದಿರುತ್ತದೆ. ಸಂಘಟಕರು ಯಾರಾದರೂ ಕೇಳಿದರೆ "ಆರೋಗ್ಯ ಸರಿ ಇಲ್ಲ" ಅನ್ನಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಈ ಸಾಕ್ಷಿಯ ಕ್ರಮದ ಬಗ್ಗೆ ನನಗೂ ಒಂದು ತಕರಾರಿದೆ, ಇಲ್ಲಿಯೇ ಹೇಳಿಬಿಡುತ್ತೇನೆ. ನಾನೂ ಆ ಬೆಂಚುಗಳಲ್ಲಿ ಕೂತು ಬೆಳೆದವಳು. ನಮ್ಮಲ್ಲಿ ಸಾಕ್ಷಿ ಅಂದರೆ ಹಿಂದೆ ಕತ್ತಲೆ, ಈಗ ಬೆಳಕು, ನಡುವೆ ಒಂದು ದಿನ. ಆ ದಿನ ಆದ ಮೇಲೆ ಏನೂ ಆಗಬಾರದು. ಕುಡಿತ ಬಿಟ್ಟು ಕೆಲವೇ ತಿಂಗಳಾದವರನ್ನು ಹಿಡಿದು ತಂದು ಮೈಕು ಕೊಡುತ್ತಾರೆ. ಮೊದಲ ವರ್ಷದಲ್ಲಿ ಮತ್ತೆ ಜಾರುವುದು ತುಂಬಾ ಸಾಮಾನ್ಯ ಎಂದು ಈ ಚಿಕಿತ್ಸೆ ಕೊಡುವ ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಮನುಷ್ಯನನ್ನು ಚಪ್ಪಾಳೆಯ ನಡುವೆ ನಿಲ್ಲಿಸಿದರೆ, ಜಾರಿದ ದಿನ ಅವನು ಹೇಳಿಕೊಳ್ಳುವುದು ಯಾರ ಹತ್ತಿರ? ನೀವು ಜೂನಿನಲ್ಲೋ ಜುಲೈಯಲ್ಲೋ ಮೊದಲ ಗ್ಲಾಸು ಎತ್ತಿದ ಮಾರನೇ ದಿನವೇ ಯಾರಿಗಾದರೂ ಹೇಳಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಹೇಳಲು ಆಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನೀವು ಊರಿಗೇ ಮಾದರಿ ಆಗಿಬಿಟ್ಟಿದ್ದಿರಿ.

ಇನ್ನೊಂದು. ಇದೇ ನಮ್ಮ ಜನ ಮದುವೆಯ ಹಿಂದಿನ ದಿನದ ರೋಸಿನ ರಾತ್ರಿ ಬಾಟಲಿ ಇಡದಿದ್ದರೆ ಮದುವೆಯೇ ಅಲ್ಲ ಅನ್ನುತ್ತಾರೆ. ನಾಮಕರಣಕ್ಕೂ ಬೇಕು, ಸತ್ತವರ ತಿಂಗಳ ಪೂಜೆ ಮುಗಿಸಿ ಬಂದ ಮೇಲೂ ಬೇಕು. ಬೇಡ ಅಂದವನ ಕೈಗೆ ಗ್ಲಾಸು ತುರುಕುತ್ತಾರೆ. ಅವನೇ ಮುಂದೆ ಗಟಾರದ ಬದಿಯಲ್ಲಿ ಬಿದ್ದರೆ ಪ್ರಾರ್ಥನೆ ಸಾಲದು ಅನ್ನುತ್ತಾರೆ. ಇದನ್ನು ನಿಮ್ಮ ತಪ್ಪು ಮುಚ್ಚಲು ಹೇಳುತ್ತಿಲ್ಲ. ಸುಮ್ನೆ ಹೇಳದೆ ಬಿಡಲು ಆಗಲಿಲ್ಲ.

ಕುಡಿತ ಬಿಡುವವರ ಗುಂಪು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ನಿಮಗೆ ಗೊತ್ತಿರಬಹುದು. ಗೋವಾದಲ್ಲಿ ಅವರ ಸಭೆಗಳು ನಡೆಯುತ್ತವೆ. ಅಮೆರಿಕದ ಅಕ್ರನ್ ಊರಿನ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಅದನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬರು. ಕ್ರೈಸ್ತ ಪ್ರಾರ್ಥನಾ ಗುಂಪೊಂದರಲ್ಲಿ ಇದ್ದರೂ ಅವರ ಕುಡಿತ ನಿಂತಿರಲಿಲ್ಲ. 1935ರ ಮೇ ತಿಂಗಳಲ್ಲಿ ಇನ್ನೊಬ್ಬ ಕುಡುಕ ಬಿಲ್ ವಿಲ್ಸನ್ ಸಿಕ್ಕರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು, ಬಾಬ್ ಬಿಟ್ಟರು. ಕೆಲವೇ ವಾರದಲ್ಲಿ ವೈದ್ಯರ ಸಮ್ಮೇಳನಕ್ಕೆಂದು ರೈಲು ಹತ್ತಿ ಹೋದವರು ಕಂಠಪೂರ್ತಿ ಕುಡಿದು ವಾಪಸು ಬಂದರು. ಅದಾದ ಮೇಲೆ ಬಿಟ್ಟದ್ದೇ ಕೊನೆ. ಎಎ ತನ್ನ ಹುಟ್ಟಿದ ದಿನ ಎಂದು ಆಚರಿಸುವುದು 1935ರ ಜೂನ್ 10ನ್ನು. ಅದು ಆ ಎರಡನೇ ಸಲ ಬಿಟ್ಟ ದಿನ. ಮೊದಲ ಸಲದ್ದನ್ನು ಯಾರೂ ಎಣಿಸುವುದಿಲ್ಲ, ಹಾಗೆಂದು ಅದನ್ನು ಮುಚ್ಚಿಡುವುದೂ ಇಲ್ಲ. ಅವರ ಸಭೆಯಲ್ಲಿ 20 ವರ್ಷ ಮುಟ್ಟದವನೂ ಎದ್ದು ನಿಂತು ನಾನು ಕುಡುಕ ಎಂದೇ ಮಾತು ಶುರು ಮಾಡುತ್ತಾನೆ. ನಮ್ಮ ಧ್ಯಾನಕೂಟಗಳು ಇದನ್ನು ಅವರಿಂದ ಎರವಲು ತಂದರೆ ನನಗೆ ಸಂತೋಷ.

ಈಗ ನಿಮ್ಮ ದೊಡ್ಡ ಪ್ರಶ್ನೆ. ವಿಶ್ವಾಸವೇ ಸುಳ್ಳೇ?

ಸಂತ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರ ತೆಗೆಯಿರಿ, 11 ಮತ್ತು 12ನೇ ಅಧ್ಯಾಯ. ಇದನ್ನು ಪೂಜೆಯಲ್ಲಿ ತುಂಡು ತುಂಡಾಗಿ ಕೇಳಿರುತ್ತೀರಿ, ಒಟ್ಟಿಗೆ ಓದಿದರೆ ಬೇರೆಯೇ ಕಾಣುತ್ತದೆ. ಕೊರಿಂಥದಲ್ಲಿ ಆಗ ಸಾಕ್ಷಿಯ ಸಂತೆ. ಹೊರಗಿನಿಂದ ಬಂದ ಬೋಧಕರು ತಾವು ಎಂಥವರು ಎಂದು ಕೊಚ್ಚಿಕೊಳ್ಳುತ್ತಿದ್ದರು. ಜನ ಮರುಳಾಗಿದ್ದರು. ನಿನ್ನದೇನಿದೆ ಹೇಳು ಎಂಬ ಒತ್ತಡ ಪೌಲನ ಮೇಲೆ. ಅವನ ಹತ್ತಿರ ಹೇಳಲು ದೊಡ್ಡದೇ ಇತ್ತು. 14 ವರ್ಷದ ಹಿಂದೆ ಪರಲೋಕದವರೆಗೂ ಒಯ್ಯಲ್ಪಟ್ಟ ಅನುಭವ. ಅದನ್ನು ಯಾರೋ ಬೇರೆಯವನಿಗೆ ಆದದ್ದು ಎಂಬಂತೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಆಮೇಲೆ ತನ್ನ ಮೈಯಲ್ಲಿನ ಮುಳ್ಳಿನ ವಿಷಯ ಎತ್ತುತ್ತಾನೆ. ಅದು ಏನು ಎಂದು ಹೇಳುವುದೇ ಇಲ್ಲ, ಪಂಡಿತರು ಇಂದಿಗೂ ಊಹೆ ಮಾಡುತ್ತಲೇ ಇದ್ದಾರೆ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಅವನ ಸಾಕ್ಷಿ ಅಷ್ಟೇ. ವಾಸಿಯಾಯಿತು ಎಂದು ಹೇಳಲಿಲ್ಲ, ಆದರೂ ಅವನ ವಿಶ್ವಾಸ ಸುಳ್ಳು ಎಂದು ಸಭೆ ಯಾವತ್ತೂ ಹೇಳಿಲ್ಲ.

ಇಲ್ಲಿ ಒಂದು ಎಚ್ಚರ. ಇದನ್ನು ಹಿಡಿದುಕೊಂಡು "ನನ್ನ ಕುಡಿತವೂ ದೇವರು ಕೊಟ್ಟ ಮುಳ್ಳು" ಎಂದು ಕೂತುಬಿಡಬೇಡಿ. ಹಾಗೆ ಹೇಳಿದ ಗಂಡಸರನ್ನು ನಾನು ಭೇಟಿ ಮಾಡಿದ್ದೇನೆ, ಅವರ ಹೆಂಡತಿಯರನ್ನೂ ಭೇಟಿ ಮಾಡಿದ್ದೇನೆ. ನಾನು ಹೇಳುವುದು ಇಷ್ಟೇ. ಹೋದ ವರ್ಷ ನಿಮ್ಮನ್ನು ಮುಟ್ಟಿದ್ದು ನಿಜವಾಗಿತ್ತು. ಅಷ್ಟು ತಿಂಗಳು ನೀವು ಕುಡಿಯದೆ ಇದ್ದದ್ದೂ ನಿಜ. ಮಳೆಗಾಲದಲ್ಲಿ ಜಾರಿದ್ದರಿಂದ ಮೊದಲಿನದು ನಾಟಕ ಆಗುವುದಿಲ್ಲ. ಜಾರಿದ ಮೇಲೆ ಮುಚ್ಚಿಟ್ಟಿರಲ್ಲ, ಬಿಡಿಸಬೇಕಾದ ಗಂಟು ಅದು.

ಅದಕ್ಕೆ ಕುಮ್ಸಾರು ಇದೆ. ಅಲ್ಲಿಗೇ ಹೋಗದೆ ತಪ್ಪಿಸಿಕೊಳ್ಳುತ್ತಿದ್ದೀರಿ. ಹೇಳಿದ್ದು ಹೊರಗೆ ಹೋಗುತ್ತದೆ ಎಂಬ ಭಯವೇ? ಪಾಪನಿವೇದನೆಯಲ್ಲಿ ಕೇಳಿದ್ದನ್ನು ಬಾಯಿಬಿಟ್ಟ ಗುರುವಿಗೆ ಧರ್ಮಸಭೆಯ ಕಾನೂನು ಕೊಡುವುದು ಬಹಿಷ್ಕಾರ, ಅದೂ ತಾನಾಗಿಯೇ ಬೀಳುವಂಥದ್ದು. ಜೀವ ಹೋದರೂ ಹೇಳುವ ಹಾಗಿಲ್ಲ. ಫಾದರ್ ಮುಖ ನೋಡಲು ನಾಚಿಕೆಯೇ? ಬೇರೆ ಚರ್ಚಿಗೆ ಹೋಗಿ. ಕಾರವಾರದ ಕಥೀಡ್ರಲ್‌ಗೆ ಹೋಗಿ, ನೀವು ಕೆಲಸ ಮಾಡುವ ಕಾಣಕೋಣದಲ್ಲೂ ಚರ್ಚಿದೆ. ನಿಮ್ಮ ಊರಿನ ಗುರುವಿನ ಹತ್ತಿರವೇ ಹೇಳಬೇಕು ಎಂಬ ಕಟ್ಟಳೆ ಇಲ್ಲ.

ಪರಮಪ್ರಸಾದದ ವಿಷಯ ನೀವು ಬರೆದದ್ದನ್ನು ಓದಿ ನನಗೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು. ಅದನ್ನು ಹೇಳಿಕೊಳ್ಳುವವರು ಕಡಿಮೆ. ಎಷ್ಟು ಜನ ಆ ಸಾಲಿನಲ್ಲಿ ಪಕ್ಕದವರಿಗಾಗಿ ನಡೆಯುತ್ತಾರೋ! ಕುಮ್ಸಾರು ಆಗುವವರೆಗೆ ಒಂದೆರಡು ಭಾನುವಾರ ಬೆಂಚಿನಲ್ಲೇ ಕೂತಿರಿ. ನೋಡುವವರು ನೋಡಲಿ, ಒಂದು ವಾರ ಮಾತಾಡಿ ಬಿಡುತ್ತಾರೆ. ಹಾಗೆಂದು ನೀವು ಎಷ್ಟು ಪಾಪಿ ಎಂದು ನೀವೇ ತೂಗಿ ತೀರ್ಮಾನ ಮಾಡಬೇಡಿ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 1735ನೇ ಕಲಮು ಹೇಳುವ ಪ್ರಕಾರ, ಒಬ್ಬನು ಮಾಡಿದ್ದಕ್ಕೆ ಅವನ ಹೊಣೆ ಎಷ್ಟು ಎಂದು ನೋಡುವಾಗ ಚಟ, ಭಯ, ಮನಸ್ಸಿನ ಸ್ಥಿತಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೊಣೆ ಕಡಿಮೆಯಾಗಬಹುದು, ಇಲ್ಲದೆಯೂ ಹೋಗಬಹುದು. ನಿಮ್ಮ ಲೆಕ್ಕದಲ್ಲಿ ಅದು ಎಷ್ಟು ಎಂಬುದನ್ನು ಗುರುವಿನ ಎದುರು ಕೂತು ನೋಡಬೇಕು. ಪೋಪ್ ಫ್ರಾನ್ಸಿಸ್ 2013ರ ಒಂದು ಬರಹದಲ್ಲಿ ಗುರುಗಳಿಗೇ ಎಚ್ಚರಿಕೆ ಕೊಟ್ಟಿದ್ದರು, ಪಾಪನಿವೇದನೆಯ ಜಾಗವನ್ನು ಹಿಂಸೆಯ ಕೋಣೆ ಮಾಡಬೇಡಿ ಎಂದು. ಪರಮಪ್ರಸಾದ ಪರಿಪೂರ್ಣರಿಗೆ ಕೊಡುವ ಬಹುಮಾನ ಅಲ್ಲ, ದುರ್ಬಲರಿಗೆ ಔಷಧ ಎಂದೂ ಅದೇ ಬರಹದಲ್ಲಿ ಹೇಳಿದರು. ಆದ್ದರಿಂದ ಆ ಬೆಂಚಿನಲ್ಲಿ ಜಾಸ್ತಿ ದಿನ ಕೂರಬೇಡಿ.

ಆ ಹುಡುಗನ ಬಗ್ಗೆ. ನಿಮಗೆ ಅತಿ ಕಷ್ಟ ಆಗುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ನೀವು ಕುಡಿದು ಅವನಿಗೆ ಪ್ರಾರ್ಥನೆ ಮಾಡಿಸಿದ ರಾತ್ರಿಗಳೂ ಇರಬಹುದು. ನಿಮ್ಮ ವಿಷಯ ತಿಳಿದರೆ ಅವನೂ ಬೀಳುತ್ತಾನೆ ಎಂಬ ಹೆದರಿಕೆ ನಿಮಗೆ. ಶನಿವಾರ ಸಂಜೆ ಪೋಳೆಂನ ಬಾರುಗಳ ಮುಂದೆ ನಿಲ್ಲುವ ಬೈಕುಗಳಲ್ಲಿ ನಮ್ಮ ಕಾರವಾರದ ಕೆಎ-30 ನಂಬರಿನವು ಎಷ್ಟಿರುತ್ತವೆ ಎಂದು ನಿಮಗೆ ಗೊತ್ತು. ನಿಮ್ಮ ಬೈಕನ್ನು ಯಾರಾದರೂ ನೋಡಿಯೇ ಇರುತ್ತಾರೆ. ಅವನಿಗೆ ಆ ದಾರಿಯಲ್ಲಿ ಸುದ್ದಿ ಹೋಗುವುದಕ್ಕಿಂತ ನಿಮ್ಮ ಬಾಯಿಂದ ಹೋಗಲಿ. ಆದರೆ ಮೊದಲು ಡಾಕ್ಟರು, ಮನೆ, ಕುಮ್ಸಾರು ಆಗಲಿ. ಆಮೇಲೆ ಕರೆದು, ಫೋನಿನಲ್ಲಿ ಅಲ್ಲ, ಎದುರು ಕೂತು ಹೇಳಿ: ನಾನು ಜಾರಿದೆ, ಚಿಕಿತ್ಸೆಗೆ ಸೇರಿದ್ದೇನೆ, ಸದ್ಯ ನಿನಗೆ ಪ್ರಾರ್ಥನೆ ಮಾಡಿಸುವ ಸ್ಥಿತಿಯಲ್ಲಿ ನಾನಿಲ್ಲ, ನಿನಗೆ ಬೇರೆ ಆಸರೆಯೂ ಇರಲಿ ಎಂದು ಎಎ ಸಭೆಯದ್ದೋ ಫಾದರದ್ದೋ ನಂಬರು ಕೊಡಿ. ಅವನು ಸಿಟ್ಟಾಗಬಹುದು. ಅದು ಅವನ ಹಕ್ಕು. ಅವನು ಗಟ್ಟಿಯಾಗಿಯೇ ಇದ್ದರೆ ಮುಂದೊಂದು ದಿನ ವಾರಕ್ಕೊಮ್ಮೆ ಫೋನು ಮಾಡಿ ವಿಚಾರಿಸುವವನು ಅವನೇ ಆದರೂ ಆಶ್ಚರ್ಯವಿಲ್ಲ. ಆದರೆ ಆ ಭಾರವನ್ನು ನೀವಾಗಿ ಅವನ ಹೆಗಲಿಗೆ ಹಾಕಬೇಡಿ.

ಮಗನಿಗೆ ಗೊತ್ತಿಲ್ಲ ಅಂದಿದ್ದೀರಿ. ಗೊತ್ತಿದೆ. ಪುದೀನ ಮಿಠಾಯಿ, ಗುಟ್ಕಾ, ಯಾವುದೂ 14 ವರ್ಷದ ಹುಡುಗನ ಮೂಗನ್ನು ಮೋಸ ಮಾಡುವುದಿಲ್ಲ. ಅವನು ಈಗ ಎರಡು ಕೆಲಸ ಮಾಡುತ್ತಿದ್ದಾನೆ: ಅಪ್ಪನ ಗುಟ್ಟು ಕಾಯುವುದು, ಬೇರೆಯವರೆದುರು ಬಲಿಪೀಠದಲ್ಲಿ ಸರಿಯಾಗಿ ನಿಲ್ಲುವುದು. ಮೊದಲನೆಯದನ್ನು ಅವನ ತಲೆಯಿಂದ ಇಳಿಸಿ. ಕುಡಿಯದ ಹೊತ್ತಿನಲ್ಲಿ, ತಾಯಿಯೂ ಇರುವಾಗ, ನೇರವಾಗಿ ಹೇಳಿ. "ಬಿಟ್ಟೆ ಅಂದಿದ್ದೆ, ಮತ್ತೆ ಶುರು ಮಾಡಿದೆ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಆಸ್ಪತ್ರೆಗೆ ಹೋಗ್ತಾ ಇದ್ದೀನಿ. ಯಾರಾದರೂ ಕೇಳಿದರೆ ನನಗಾಗಿ ನೀನು ಸುಳ್ಳು ಹೇಳಬೇಕಾಗಿಲ್ಲ." ಇನ್ನು ಮುಟ್ಟಲ್ಲ ಎಂದು ಶಿಲುಬೆ ಮುಟ್ಟಿ ಆಣೆ ಮಾತ್ರ ಹಾಕಬೇಡಿ. ಅದನ್ನು ಅವನು ಮೊದಲೇ ಕೇಳಿರುತ್ತಾನೆ.

ನಿಮ್ಮ ಮನೆಯವರಿಗೆ ಈ ಪತ್ರ ತೋರಿಸಿ. ಅವರಿಗೆ ಒಂದು ಮಾತು: ಅಮ್ಮಾ, ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ ಎಂದು ಜಾಹೀರಾತು ಹಾಕಿ ಮಾರುವ ಪುಡಿ, ಮಾತ್ರೆಗಳನ್ನು ತರಬೇಡಿ. ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಎದೆಗೇ ಅಪಾಯ ಆಗುತ್ತದೆ. ತೆಗೆದುಕೊಳ್ಳುವವನಿಗೆ ಗೊತ್ತಿದ್ದು, ಡಾಕ್ಟರು ನೋಡಿಕೊಂಡು ಕೊಡಬೇಕಾದ ಔಷಧ ಅದು. ನಿಮಗೂ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೆ ಗಂಡನ ಒಪ್ಪಿಗೆ ಬೇಕಾಗಿಲ್ಲ.

ಕೊನೆಗೆ, ಆ ದಾರಿ. ಸಂಬಳದ ಕೆಲಸ ಬಿಡಿ ಎಂದು ನಾನು ಹೇಳಲಾರೆ, ಕಾರವಾರದಲ್ಲಿ ಅಷ್ಟೇ ಕೂಲಿ ಸಿಗುತ್ತದೆಯೇ ಎಂಬುದು ನಿಮಗೇ ಗೊತ್ತು. ಆದರೆ ಬೈಕು ಮನೆಯಲ್ಲಿಡಿ. ಬೈಕಿದ್ದರೆ ಪೋಳೆಂನಲ್ಲಿ ನಿಲ್ಲಿಸುವುದೂ ಬಿಡುವುದೂ ದಿನಕ್ಕೆರಡು ಸಲ ನಿಮ್ಮ ಕೈಯಲ್ಲಿ, ಆ ಕೈ ಸದ್ಯಕ್ಕೆ ನಂಬುವ ಸ್ಥಿತಿಯಲ್ಲಿಲ್ಲ. ಮಡಗಾಂವ್ ಕಡೆ ಹೋಗುವ ಬಸ್ಸು ಹತ್ತಿ. ಸಂಜೆ ವಾಪಸು ಬರುವಾಗ ಜತೆಗೆ ಕೆಲಸ ಮಾಡುವ, ಕುಡಿಯದ ಒಬ್ಬರ ಪಕ್ಕ ಕೂತುಕೊಳ್ಳಿ. ಶನಿವಾರದ ಕೂಲಿ ಕೈಗೆ ಬೇಡ, ಮನೆಯವರ ಖಾತೆಗೆ ಹಾಕಲು ಮೇಸ್ತ್ರಿಗೆ ಹೇಳಿ. ಸಾಮಾನು ಹೊರುವುದು ಕಷ್ಟ, ಡ್ರಿಲ್ಲು ಭಾರ ಎಂದೆಲ್ಲ ನೆವ ಹೇಳುತ್ತೀರಿ ಎಂದು ಗೊತ್ತು. ಡ್ರಿಲ್ಲನ್ನು ಕೆಲಸದ ಜಾಗದಲ್ಲೇ ಬಿಟ್ಟು ಬನ್ನಿ.